ಕಡಲ ಭರತ ನೋಡಿಕೊಂಡು ಹೊರಡಿ, ಹಕ್ಕಿ ಹತ್ತಿರಕ್ಕೇ ಬರುತ್ತವೆ

ನವರಾತ್ರಿ ಮುಗಿಯುವ ಹೊತ್ತಿಗೆ ಕುಮಟಾ ಹತ್ತಿರದ ಅಘನಾಶಿನಿ ಅಳಿವೆಗೆ ದೂರದ ನೆಂಟರು ಬಂದಿರುತ್ತಾರೆ. ಲಡಾಖ್‌, ಮಧ್ಯ ಏಷ್ಯಾ, ಸೈಬೀರಿಯಾ ಕಡೆಯಿಂದ ಹಾರಿ ಬಂದ ಹಕ್ಕಿಗಳು. 2024ರಲ್ಲಿ ಜಾಗತಿಕ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿದ ಈ ಜೌಗು ಸುಮಾರು 4,800 ಹೆಕ್ಟೇರ್ ಇದೆ. ಇಷ್ಟಗಲದ ಜಾಗದಲ್ಲಿ ಹಕ್ಕಿ ಹುಡುಕುವುದು ಹೇಗೆ?

ಮೊದಲು ಹೊತ್ತು ಗೊತ್ತುಮಾಡಿಕೊಳ್ಳಿ. ಬೆಳಗಾಗುವ ಮುಂಚೆ ಎದ್ದರೆ ಹಕ್ಕಿ ಸಿಗುತ್ತವೆ ಅನ್ನುವುದು ಕಾಡಿಗೆ ಸರಿ. ಅಳಿವೆಯಲ್ಲಿ ಸೂರ್ಯನಿಗಿಂತ ನೀರಿನ ಮಾತೇ ಜಾಸ್ತಿ ನಡೆಯುತ್ತದೆ. ಇಳಿತದಲ್ಲಿ ಕೆಸರುದಿಬ್ಬಗಳೆಲ್ಲ ತೆರೆದುಕೊಳ್ಳುತ್ತವೆ, ಹಕ್ಕಿಗಳು ಮೇಯಲು ದೂರದೂರ ಚದುರುತ್ತವೆ. ಆಗ ಕಾಣುವುದು ಬರೀ ಚುಕ್ಕೆಗಳು. ಭರತ, ಅಂದರೆ ಸಮುದ್ರದ ಉಬ್ಬರ, ಏರುತ್ತಾ ಬಂದಂತೆ ಮೇಯುವ ಜಾಗ ಕಿರಿದಾಗುತ್ತದೆ, ಹಕ್ಕಿಗಳು ದಡದತ್ತ ಸರಿಯುತ್ತವೆ. ಹಾಗಾಗಿ ಮೊಬೈಲ್‌ನಲ್ಲಿ ಕಾರವಾರದ ಟೈಡ್ ಟೇಬಲ್ (ಭರತ-ಇಳಿತದ ವೇಳಾಪಟ್ಟಿ) ನೋಡಿ, ಭರತ ತುಂಬುವುದಕ್ಕೆ ಎರಡು-ಮೂರು ಗಂಟೆ ಮುಂಚೆಯೇ ಹೋಗಿ ಕುಳಿತುಬಿಡಿ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಿನ್ನೆಯ ಲೆಕ್ಕ ಇವತ್ತಿಗೆ ಆಗುವುದಿಲ್ಲ.

ಕೂರುವ ಜಾಗಕ್ಕೆ ತದಡಿ ಕಡೆಯ ದಡ ಆಗಬಹುದು, ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ ಬದಿಯೂ ಆಗಬಹುದು. ಬಿಸಿಲು ಬೆನ್ನಿಗಿರಲಿ. ಅಲ್ಲಿ ಬೆಳೆಯುವ, ಉಪ್ಪು ತಾಳುವ ಕಗ್ಗ ಭತ್ತದ ಕೊಯ್ಲು ನಡೆಯುತ್ತಿದ್ದರೆ ಕೇಳಿಕೊಂಡೇ ಬದುವಿಗೆ ಕಾಲಿಡಿ. ಕೆಸರಿಗೆ ಮಾತ್ರ ಇಳಿಯಲೇಬೇಡಿ. ಕಾಲು ಹೂತರೆ ಕಷ್ಟ, ನೀರು ಏರುವುದೂ ಗೊತ್ತಾಗುವುದಿಲ್ಲ. ಎಂಟು ಪಟ್ಟು ಹಿಗ್ಗಿಸಿ ತೋರಿಸುವ 8x42 ಬೈನಾಕ್ಯುಲರ್, ಟೋಪಿ, ನೀರು, ಒಂದು ನೋಟ್‌ಬುಕ್ ಇದ್ದರೆ ಸಾಕು.

ಇನ್ನು ಗುರುತು ಹಿಡಿಯುವುದು. ಈ ಕಾಲದಲ್ಲಿ ಎಲ್ಲವೂ ಕಂದು-ಬೂದು, ಬಣ್ಣ ನಂಬಿದರೆ ದಾರಿ ತಪ್ಪುತ್ತೀರಿ. ಬ್ರೌನ್ ಹೆಡೆಡ್ ಗಲ್ ಹಕ್ಕಿಯ ತಲೆ ಚಳಿಗಾಲದಲ್ಲಿ ಬಿಳಿ! ಕಿವಿಯ ಹತ್ತಿರ ಒಂದು ಕಪ್ಪು ಮಚ್ಚೆ ಅಷ್ಟೇ. ಅದಕ್ಕೇ ತಿನ್ನುವ ರೀತಿ ನೋಡಿ ಅನ್ನುತ್ತೇನೆ. ಸ್ಯಾಂಡ್ ಪ್ಲೋವರ್ ಕಣ್ಣಿನಿಂದ ಬೇಟೆಯಾಡುವ ಹಕ್ಕಿ. ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಬಗ್ಗಿ ಒಂದು ಕುಕ್ಕು, ಮತ್ತೆ ಓಟ. ಕರ್ಲ್ಯೂ ಹಾಗಲ್ಲ. ನಿಧಾನವಾಗಿ ನಡೆಯುತ್ತಾ ಕುಡುಗೋಲಿನಂಥ ಕೊಕ್ಕನ್ನು ಕೆಸರಿನೊಳಗೆ ಬುಡದವರೆಗೂ ಇಳಿಸುತ್ತದೆ, ತಡಕಾಡಿ ಏಡಿಯನ್ನೋ ಹುಳುವನ್ನೋ ಎಳೆಯುತ್ತದೆ. ಅದರಂತೆಯೇ ಕಾಣುವ, ಆದರೆ ಕೊಕ್ಕು ಗಿಡ್ಡ, ತಲೆಯ ಮೇಲೆ ಪಟ್ಟೆ ಇದ್ದರೆ ಅದು ವಿಂಬ್ರೆಲ್. ಕೆಂಪು ಕಾಲಿನದು ರೆಡ್‌ಶ್ಯಾಂಕ್. ಮೊದಲು ಗಾಬರಿಬಿದ್ದು ಕೂಗಿ ಉಳಿದವನ್ನೂ ಎಬ್ಬಿಸುವುದು ಸಾಮಾನ್ಯವಾಗಿ ಅದೇ.

ಫೋಟೋ ಆಸೆಗೆ ಹಿಂಡಿನ ಕಡೆ ನಡೆಯುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಸಾವಿರಾರು ಕಿಲೋಮೀಟರ್ ಹಾರಿ ಮೈ ಕರಗಿಸಿಕೊಂಡು ಬಂದ ಜೀವ ಅದು. ಸುಮ್ನೆ ಎಬ್ಬಿಸಿದರೆ ತಿಂದು ಕೂಡಿಟ್ಟ ಕೊಬ್ಬೂ ಹೋಗುತ್ತದೆ, ಮೇಯುವ ಹೊತ್ತೂ ಹೋಗುತ್ತದೆ. ಹಕ್ಕಿಗಳು ತಲೆ ಎತ್ತಿ ನಿಮ್ಮತ್ತ ನೋಡತೊಡಗಿದರೆ ಅಲ್ಲೇ ನಿಲ್ಲಿ. ಡ್ರೋನ್ ಬೇಡವೇ ಬೇಡ.

ಭರತ ತುಂಬಿದ ಮೇಲೆ ಅವು ಮರಳುದಿಬ್ಬದ ಮೇಲೆ ಒತ್ತೊತ್ತಾಗಿ, ಒಂಟಿಗಾಲಲ್ಲಿ ನಿಂತು, ಬೆನ್ನಿನ ಗರಿಯೊಳಗೆ ಕೊಕ್ಕು ತೂರಿಸುತ್ತವೆ. ಎಣಿಸಲು ಅದೇ ಒಳ್ಳೆಯ ಹೊತ್ತು. ಹತ್ತು ಹಕ್ಕಿ ಎಣಿಸಿ, ಅಂಥ ಗುಂಪು ಎಷ್ಟಿವೆ ಎಂದು ಅಂದಾಜು ಹಾಕಿ. ದಿನ, ಹೊತ್ತು, ಸಂಖ್ಯೆ ಬರೆದುಕೊಂಡು ಹಕ್ಕಿ ದಾಖಲೆಯ ಜಾಲತಾಣ ಇಬರ್ಡ್‌ಗೆ ಹಾಕಿ. ಆಮೇಲೆ ಬಗ್ಗಿಕೊಂಡೇ ಹಿಂದೆ ಸರಿಯಿರಿ, ಅವು ಮಲಗಿರಲಿ.