ಗುರುವಲ್ಲ, ಪ್ಲುತ: ಮೇಷ್ಟರೊಬ್ಬರ ಮೋರ್ಸ್ ಪಾಠ

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದ ಮೇಲೆ ಮೋರ್ಸ್, ಅಂದರೆ ಅಕ್ಷರಗಳನ್ನು ಗಿಡ್ಡ, ಉದ್ದ ಸದ್ದುಗಳಲ್ಲಿ ಕಳುಹಿಸುವ ಸಂಕೇತ ಭಾಷೆ, ಕಲಿಯಲು ಕುಳಿತವನು ನಾನು. ಮಂಡ್ಯದ ನಮ್ಮ ಮನೆಗೆ ಬಂದ ಹಳೆಯ ವಿದ್ಯಾರ್ಥಿಯೊಬ್ಬ ಹವ್ಯಾಸಿ ರೇಡಿಯೊ, ಅಂದರೆ ಮನೆಯಿಂದಲೇ ರೇಡಿಯೊದಲ್ಲಿ ದೂರದವರೊಡನೆ ಸಂಭಾಷಿಸುವ ಹವ್ಯಾಸದ ವಿಷಯ ಹೇಳುತ್ತ ಚುಕ್ಕೆ, ಗೆರೆಗಳ ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟ. ನನ್ನ ಕಣ್ಣಿಗೆ ಕಂಡದ್ದು ಛಂದಸ್ಸಿನ ಲಘು, ಗುರು. ಎಸ್ ಅಕ್ಷರಕ್ಕೆ ಮೂರು ಲಘು, ಅಂದರೆ ನಗಣ. ಓ ಮೂರು ಗುರು, ಮಗಣ. ಕೆ ರಗಣ, ಡಿ ಭಗಣ, ಆರ್ ಜಗಣ. ‘ಯಮಾತಾರಾಜಭಾನಸಲಗಂ’ ಸೂತ್ರದ ಎಂಟು ಗಣಗಳಿಗೂ ಒಂದೊಂದು ಇಂಗ್ಲಿಷ್ ಅಕ್ಷರ ಸಿಕ್ಕಿತು. ಮುಳುಗುವ ಹಡಗಿನ ಎಸ್‌ಓಎಸ್ ಕೂಗು ನಗಣ-ಮಗಣ-ನಗಣ! ಆ ಸಂಜೆ ಇಡೀ ಪಟ್ಟಿಗೆ ಪ್ರಸ್ತಾರ ಹಾಕಿ ಬೀಗಿದೆ.

ಆ ಜಂಬಕ್ಕೆ ನಾಲ್ಕು ತಿಂಗಳು ದಂಡ ತೆತ್ತೆ. ಸದ್ದು ಕಿವಿಗೆ ಬಿದ್ದೊಡನೆ ಮನಸ್ಸು ಲಘು ಗುರು ಎಣಿಸಿ, ಗಣ ಗುರುತಿಸಿ, ಆಮೇಲೆ ಅಕ್ಷರ ಹುಡುಕುತ್ತಿತ್ತು. ಅಷ್ಟರಲ್ಲಿ ಇನ್ನೆರಡು ಅಕ್ಷರಗಳು ದಾಟಿಹೋಗುತ್ತಿದ್ದವು. ಹಾಗಾಗಿ ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ; ಇದ್ದರೆ ಹರಿದುಹಾಕಿ. ಗಮಕ ಕಲಿಯುವ ಮಗುವಿಗೆ ಯಾರೂ ಮೊದಲು ಪ್ರಸ್ತಾರ ಹಾಕಿಸುವುದಿಲ್ಲ, ಕೇಳಿಸುತ್ತಾರೆ. ನಮ್ಮ ಮನೆಯಲ್ಲಿ ಇದಕ್ಕೆ ಸಾಕ್ಷಿಯೂ ಇದೆ. ಮೋರ್ಸ್‌ನಲ್ಲಿ ಚುಕ್ಕೆಯ ಸದ್ದಿಗೆ ‘ಡಿ’ ಅಥವಾ ‘ಡಿಟ್’, ಗೆರೆಯ ಸದ್ದಿಗೆ ‘ಡಾ’ ಎನ್ನುತ್ತಾರೆ. ಅದರ ಒಂದಕ್ಷರವನ್ನೂ ಕಲಿಯದ ನನ್ನ ಹೆಂಡತಿ ಅಡುಗೆಮನೆಯಿಂದಲೇ ‘ಡಾಡಿಡಾಡಿ ಡಾಡಾಡಿಡಾ’ ಎಂದು ಗುನುಗಿದಳು. ಅದು ಸಿಕ್ಯೂ, ‘ಯಾರಾದರೂ ಇದ್ದೀರಾ’ ಎಂಬ ಕರೆ. ನಾನಿನ್ನೂ ಗಣ ಎಣಿಸುತ್ತಿದ್ದೆ.

ಆಮೇಲೆ ಹಿಡಿದದ್ದು 1930ರ ದಶಕದಲ್ಲಿ ಜರ್ಮನಿಯ ಮನಶ್ಶಾಸ್ತ್ರಜ್ಞ ಲುಡ್ವಿಗ್ ಕೋಖ್ ರೂಪಿಸಿದ ಕ್ರಮ. ಇದಕ್ಕೆ ಮೊಬೈಲಿನಲ್ಲಿ ಪುಕ್ಕಟೆ ಆ್ಯಪ್‌ಗಳು ಸಿಗುತ್ತವೆ. ಕೆ ಮತ್ತು ಎಂ, ಎರಡೇ ಅಕ್ಷರಗಳಿಂದ ಆರಂಭಿಸಿ. ವೇಗವನ್ನು ಮೊದಲ ದಿನವೇ ನಿಮಿಷಕ್ಕೆ 20 ಪದಗಳಿಗೆ ಇಡಿ. ಗಾಬರಿ ಬೇಡ, ಅಕ್ಷರಗಳ ನಡುವಿನ ಬಿಡುವನ್ನು ಮಾತ್ರ ಬೇಕಾದಷ್ಟು ಹಿಗ್ಗಿಸಿಕೊಳ್ಳಬಹುದು. ಅಕ್ಷರವನ್ನೇ ನಿಧಾನ ಮಾಡಿದರೆ ಎಣಿಸುವ ಚಾಳಿ ಅಂಟಿಕೊಳ್ಳುತ್ತದೆ, ನನ್ನ ಹಾಗೆ. ನೂರಕ್ಕೆ ತೊಂಬತ್ತು ಸರಿಯಾದಾಗ ಇನ್ನೊಂದು ಅಕ್ಷರ ಸೇರಿಸಿ. ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ ಸಾಕು. ತಪ್ಪಿದ ಅಕ್ಷರದ ಜಾಗದಲ್ಲಿ ಗೆರೆ ಎಳೆದು ಮುಂದಕ್ಕೆ ಹೋಗಿ. ಹಿಂತಿರುಗಿ ಯೋಚಿಸಿದರೆ ಮುಂದಿನದೂ ಕೈಬಿಡುತ್ತದೆ. ಮೇಷ್ಟರಿಗೆ ಇದು ಬಲು ಕಷ್ಟ. ಖಾಲಿ ಬಿಟ್ಟ ಉತ್ತರಕ್ಕೆ ಕೆಂಪು ಸುತ್ತು ಹಾಕಿಯೇ ಬದುಕಿದವನು ನಾನು.

ಕಿವಿ ಪಳಗಿದ ಮೇಲೆ ಕೈ. ಬೆರಳ ತುದಿಯಿಂದ ಕುಟ್ಟಬೇಡಿ, ಮುಂಗೈಯನ್ನು ಮೇಜಿನ ಮೇಲೆ ಊರಿ ಮಣಿಕಟ್ಟಿನಿಂದ ಸಂಕೇತ ಕಳುಹಿಸುವ ಕೀಲಿಯನ್ನು ಒತ್ತಿ. ನಾನು ಮೊದಲು ಒತ್ತಿದ್ದನ್ನು ಕೇಳಿ ವಿದ್ಯಾರ್ಥಿ ನಕ್ಕ. “ಮೇಷ್ಟ್ರೇ, ನಿಮ್ಮ ಡಾ ಕುಂಟುತ್ತಿದೆ” ಎಂದ. ಯಾಕೆಂದು ಹೊಳೆಯಲು ಒಂದು ದಿನ ಬೇಕಾಯಿತು. ನಾನು ಗುರುವಿಗೆ ಎರಡು ಮಾತ್ರೆ ಕೊಡುತ್ತಿದ್ದೆ. ಮೋರ್ಸ್‌ನ ಡಿಟ್ ಒಂದು ಮಾತ್ರೆಯಾದರೆ ಡಾ ಮೂರು ಮಾತ್ರೆ. ಅದು ಗುರುವಲ್ಲ, ಪ್ಲುತ! ದೂರದಲ್ಲಿರುವವರನ್ನು ಕರೆಯುವಾಗ ಬರುವುದು ಪ್ಲುತ ಸ್ವರ ಎಂದು ಮೂವತ್ತೊಂದು ವರ್ಷ ಹೇಳಿಕೊಟ್ಟವನಿಗೆ ದೂರದವರನ್ನು ಕರೆಯುವ ಯಂತ್ರದ ಮುಂದೆ ಅದು ನೆನಪಾಗಲಿಲ್ಲ. ಅಕ್ಷರದೊಳಗಿನ ಬಿಡುವು ಒಂದು ಮಾತ್ರೆ, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ನಿಮಿಷಕ್ಕೆ 20 ಪದಗಳ ವೇಗದಲ್ಲಿ ಒಂದು ಮಾತ್ರೆ ಎಂದರೆ 60 ಮಿಲಿಸೆಕೆಂಡ್. ಹೊಸಬರು ಕೆಡಿಸುವುದು ಬಿಡುವನ್ನೇ. ನಿಮ್ಮದೇ ಕಳುಹಿಕೆಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಮರುದಿನ ಬರೆದುಕೊಳ್ಳಲು ನೋಡಿ, ಅಹಂಕಾರ ಇಳಿಯುತ್ತದೆ.

ಗಾಳಿಗೆ ಸಂಕೇತ ಬಿಡಲು ಕೇಂದ್ರ ಸರ್ಕಾರದ ಪರೀಕ್ಷೆ, ಪರವಾನಗಿ ಬೇಕೇ ಬೇಕು. ನಾನು ಪರೀಕ್ಷೆ ಬರೆದಾಗ ಸಾಮಾನ್ಯ ದರ್ಜೆಯ ಪರವಾನಗಿಗೆ ನಿಮಿಷಕ್ಕೆ 8 ಪದಗಳ ಮೋರ್ಸ್ ಪರೀಕ್ಷೆ ಇತ್ತು, ನಿರ್ಬಂಧಿತ ದರ್ಜೆಗೆ ಇರಲಿಲ್ಲ.

ನನ್ನ ಆಂಟೆನಾ ಹಿತ್ತಿಲಿನ ಎರಡು ತೆಂಗಿನ ಮರಗಳ ನಡುವೆ ಕಟ್ಟಿದ ಸುಮಾರು 20 ಮೀಟರ್ ತಂತಿ, 7 ಮೆಗಾಹರ್ಟ್ಸ್‌ಗೆ ಹೊಂದುವಂಥದ್ದು. ಸಂಜೆ ಮನೆಮನೆಯ ಎಲ್‌ಇಡಿ ದೀಪ, ಇನ್ವರ್ಟರ್‌ಗಳು ಸೇರಿ ಜೇನುಹುಟ್ಟಿನಂತೆ ಗುಂಯ್‌ಗುಡುತ್ತವೆ. ಬೆಳಗಿನ ಜಾವ ಕರೆಂಟು ಹೋದರೆ ಊರೆಲ್ಲ ಶಪಿಸುತ್ತದೆ. ನಾನು ಬ್ಯಾಟರಿಗೆ ರೇಡಿಯೊ ಜೋಡಿಸಿ ಕೂರುತ್ತೇನೆ. ಮಾತಿನ ಸಂಕೇತಕ್ಕೆ ಎರಡು ಸಾವಿರಕ್ಕೂ ಹೆಚ್ಚು ಹರ್ಟ್ಸ್ ಅಗಲ ಬೇಕು, ಮೋರ್ಸ್‌ಗೆ ನೂರಿನ್ನೂರು ಸಾಕು. ಅದಕ್ಕೇ ಐದು ವ್ಯಾಟ್‌ನ ಸಂಕೇತವೂ ಗದ್ದಲದ ಸಂದಿಯಲ್ಲಿ ನುಸುಳಿ ದೂರ ಹೋಗುತ್ತದೆ.

ಮೊದಲ ಸಂಭಾಷಣೆಗೆ ಚೀಟಿ ಬರೆದಿಟ್ಟುಕೊಳ್ಳಿ: ಅವರ ಕಾಲ್‌ಸೈನ್ (ಪರವಾನಗಿದಾರರ ಗುರುತಿನ ಅಕ್ಷರ-ಅಂಕಿಗಳು), ನಿಮ್ಮದು, ಸಂಕೇತ ಎಷ್ಟು ಸ್ಪಷ್ಟ ಎಂಬ ಮೂರು ಅಂಕಿ, ಹೆಸರು, ಊರು. ವೇಗ ಹೆಚ್ಚೆನಿಸಿದರೆ ‘ಕ್ಯೂಆರ್‌ಎಸ್’ ಕಳುಹಿಸಿ, ನಿಧಾನಿಸುತ್ತಾರೆ. ನಾನು ಮೊದಲ ದಿನ ಮೂರು ಸಲ ಕಳುಹಿಸಿದೆ. ಆಚೆಯವರು ಶ್ರೀಲಂಕಾದವರು, ಅವರ ಹೆಸರಿನಲ್ಲಿ ನನಗೆ ದಕ್ಕಿದ್ದು ಕೊನೆಯ ಎರಡಕ್ಷರ ಮಾತ್ರ. ‘ಮಂಡ್ಯ’ ಎಂದು ಕಳುಹಿಸುವಾಗ ಕೈ ನಡುಗಿ ವೈ ಅಕ್ಷರ ಎರಡು ತುಂಡಾಯಿತು. ಅವರು ಮಂಡ್ಯವನ್ನು ತಪ್ಪಿಲ್ಲದೆ ತಿರುಗಿ ಕಳುಹಿಸಿದರು.

ಕೊನೆಗೆ ‘73’ ಬರುತ್ತದೆ, ಶುಭಾಶಯ ಎಂದರ್ಥ. ಅದಾದ ಮೇಲೆ ಬಿಡಿಯಾಗಿ ಎರಡು ಡಿಟ್ ಕೇಳಿಸಿದರೆ ಏನೋ ತಪ್ಪಿಹೋಯಿತೆಂದು ಪೆನ್ನು ಎತ್ತಿಕೊಳ್ಳಬೇಡಿ. ಅದು ಹೊಸ್ತಿಲು ದಾಟಿದವರು ತಿರುಗಿ ಕೈಬೀಸುವುದು. ನೀವೂ ಎರಡು ಡಿಟ್ ಒತ್ತಿ ರೇಡಿಯೊ ಆರಿಸಿ.