ಹರಿಹರೇಶ್ವರನ ಸ್ಥಳಪುರಾಣವನ್ನು ಬಿಡಿಸಿ ಓದುವ ಬಗೆ

ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್ ದೂರದ ಹರಿಹರಕ್ಕೆ ಹೋಗಿ ಬಂದವರನ್ನು ಅಲ್ಲಿಯ ದೇವರ ಕಥೆ ಏನೆಂದು ಕೇಳಿದರೆ, ಬಹುತೇಕರು ಎರಡೇ ಮಾತಿನಲ್ಲಿ ಮುಗಿಸುತ್ತಾರೆ: ಗುಹಾಸುರನನ್ನು ಕೊಲ್ಲಲು ಹರಿ ಮತ್ತು ಹರ ಒಂದಾದರು, ಇದು ಶೈವ ವೈಷ್ಣವರ ಸಾಮರಸ್ಯದ ಸಂಕೇತ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮೊದಲ ಮಾತಿನ ಬೆನ್ನಿಗೇ ಎರಡನೆಯದು ಬಂದುಬಿಟ್ಟರೆ ನಡುವೆ ಇರುವ ಕಥೆ ಕೈತಪ್ಪುತ್ತದೆ. ಸ್ಥಳಪುರಾಣವೊಂದನ್ನು ಅದು ಹುಟ್ಟಿದ ನೆಲದಲ್ಲೇ ಕೇಳಿ, ಅದು ಯಾವ ಮೌಲ್ಯಗಳನ್ನು ಹೊತ್ತಿದೆ ಎಂಬುದನ್ನು ಬರೆದಿಡಬೇಕೆನ್ನುವ ವಿದ್ಯಾರ್ಥಿಗಳಿಗೆ, ಶಿಕ್ಷಕರಿಗೆ, ಮನೆಯಲ್ಲಿ ಮಕ್ಕಳಿಗೆ ಕಥೆ ಹೇಳುವವರಿಗೆ ನೆರವಾಗಲೆಂದು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲ ಕೆಲಸ, ಕಥೆಯನ್ನು ಕೇಳುವ ಮುನ್ನ ಮೂರ್ತಿಯನ್ನು ನೋಡುವುದು. ಅಲಂಕಾರವಾದ ಮೇಲೆ ಹೂವು, ವಸ್ತ್ರಗಳ ನಡುವೆ ಮುಖವಷ್ಟೇ ಕಾಣುತ್ತದೆ; ಆದ್ದರಿಂದ ಅಭಿಷೇಕದ ಹೊತ್ತನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಇದನ್ನು ಬರೆದುಕೊಳ್ಳುವಾಗ ದೇವರ ಬಲವೋ ನೋಡುವವರ ಬಲವೋ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನಾನು ಮೊದಲ ಸಲ ನನ್ನ ಬಲವನ್ನೇ ದೇವರ ಬಲವೆಂದು ಬರೆದುಕೊಂಡು ಬಂದು, ಟಿಪ್ಪಣಿಯನ್ನೆಲ್ಲ ಮತ್ತೆ ತಿದ್ದಬೇಕಾಯಿತು. ಅರ್ಧನಾರೀಶ್ವರನಲ್ಲಿ ಪಾರ್ವತಿ ಇರುವ ಎಡಭಾಗವೇ ಇಲ್ಲಿ ವಿಷ್ಣುವಿನದಾಗಿದೆ ಎಂಬುದನ್ನೂ ಗಮನಿಸಿ. ಎರಡು ಅರ್ಧಗಳೂ ತಮ್ಮ ತಮ್ಮ ಲಾಂಛನಗಳನ್ನು ಬಿಟ್ಟುಕೊಟ್ಟಿಲ್ಲ. ಒಂದೇ ದೇಹವಾದರೂ ಎಲ್ಲಿಯವರೆಗೆ ಹರ, ಎಲ್ಲಿಂದ ಹರಿ ಎಂಬುದನ್ನು ಕಣ್ಣು ಗುರುತಿಸುತ್ತದೆ. ಈ ನಡುಗೆರೆಯನ್ನು ನೆನಪಿನಲ್ಲಿಡಿ. ಕಥೆಯ ಅರ್ಥ ಹುಡುಕುವಾಗ ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ.

ಅನಂತರ ಕಥೆಯನ್ನು ಕೇಳಿ ಬರೆದುಕೊಳ್ಳಬೇಕು. ಹೇಳುವವರನ್ನು ಆರಂಭದಲ್ಲೇ "ಇದರ ನೀತಿ ಏನು?" ಎಂದು ಕೇಳಬಾರದು. ಕೇಳಿದರೆ ಅವರು ಪಠ್ಯಪುಸ್ತಕದ ಭಾಷೆಗೆ ಹೊರಳುತ್ತಾರೆ, ಕಥೆ ಅಲ್ಲಿಗೇ ನಿಲ್ಲುತ್ತದೆ. "ಆಮೇಲೆ ಏನಾಯಿತು?" ಎಂಬ ಪ್ರಶ್ನೆಯೊಂದೇ ಸಾಕು. ರೂಢಿಯಲ್ಲಿರುವ ಕಥೆ ಹೀಗಿದೆ: ಗುಹನೆಂಬ ಅಸುರ ತಪಸ್ಸು ಮಾಡಿ, ಹರಿಯಿಂದಾಗಲಿ ಹರನಿಂದಾಗಲಿ ತನಗೆ ಮರಣ ಬರಬಾರದೆಂಬ ವರವನ್ನು ಬ್ರಹ್ಮನಿಂದ ಪಡೆದ. ಆಮೇಲೆ ದೇವತೆಗಳನ್ನೂ ಮನುಷ್ಯರನ್ನೂ ಪೀಡಿಸತೊಡಗಿದ. ಆಗ ಹರಿಹರರು ಒಂದೇ ರೂಪ ತಾಳಿ, ತುಂಗಭದ್ರಾ ಮತ್ತು ಹರಿದ್ರಾ ನದಿಗಳು ಕೂಡುವ ಕೂಡಲೂರಿನಲ್ಲಿ, ಅಂದರೆ ಇಂದಿನ ಹರಿಹರದಲ್ಲಿ, ಇಳಿದು ಅವನನ್ನು ಸಂಹರಿಸಿದರು. ಸಾಯುವಾಗ ಅವನು ಈ ನೆಲಕ್ಕೆ ತನ್ನ ಹೆಸರಿರಲಿ ಎಂದು ಬೇಡಿಕೊಂಡ. ಅದರಿಂದ ಈ ಕ್ಷೇತ್ರಕ್ಕೆ ಗುಹಾರಣ್ಯವೆಂಬ ಹೆಸರು ಬಂತು.

ಎಲ್ಲಕ್ಕಿಂತ ಎಚ್ಚರಿಕೆಯಿಂದ ದಾಖಲಿಸಬೇಕಾದದ್ದು ವರದ ಮಾತುಗಳನ್ನು. ಅಸುರರ ಕಥೆಗಳಲ್ಲಿ ವರವೆಂದರೆ ಒಂದು ಕರಾರು ಪತ್ರವಿದ್ದಂತೆ. ಅದರ ಒಂದೊಂದು ಶಬ್ದವೂ ಮುಂದೆ ಕೆಲಸಕ್ಕೆ ಬರುತ್ತದೆ. ಹಿರಣ್ಯಕಶಿಪು ಮನುಷ್ಯನಿಂದಲೂ ಮೃಗದಿಂದಲೂ ಸಾವು ಬೇಡವೆಂದ, ನರಸಿಂಹ ಬಂದ. ರಾವಣ ಪಟ್ಟಿಯಲ್ಲಿ ಮನುಷ್ಯರನ್ನು ಸೇರಿಸಲೇ ಇಲ್ಲ, ರಾಮ ಬಂದ. ಮಹಿಷಾಸುರನ ಲೆಕ್ಕದಲ್ಲಿ ಹೆಣ್ಣು ಇರಲಿಲ್ಲ, ದೇವಿ ಬಂದಳು. ಈ ಕಥೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಅಸುರ ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂದು ಪ್ರತಿಯೊಂದರ ಮುಂದೆ ಬರೆಯಿರಿ. ಉಳಿದವರು ಮರೆತದ್ದು ಯಾವುದೋ ಒಂದು ಜಾತಿಯ ಜೀವಿಯನ್ನು. ಗುಹ ಮರೆತದ್ದು "ಮತ್ತು" ಎಂಬ ಶಬ್ದವನ್ನು. ಹರಿಯೋ ಹರನೋ ಎಂದು ಬಿಡಿಬಿಡಿಯಾಗಿ ಎಣಿಸಿದವನಿಗೆ ಇಬ್ಬರೂ ಕೂಡಬಹುದೆಂಬುದು ಹೊಳೆಯಲೇ ಇಲ್ಲ. ಕಥೆಯ ಕೀಲಿ ಇರುವುದು ಇಲ್ಲಿ ಎಂದು ನನ್ನ ಅಭಿಪ್ರಾಯ.

ಇದೇ ವರದಲ್ಲಿ ಇನ್ನೊಂದು ಮೌಲ್ಯವೂ ಅಡಗಿದೆ, ಅದನ್ನು ಬಹಳ ಜನ ದಾಟಿಹೋಗುತ್ತಾರೆ. ಬ್ರಹ್ಮ ಕೊಟ್ಟ ವರವನ್ನು ಹಿಂತೆಗೆದುಕೊಳ್ಳಲಿಲ್ಲ. ದೇವರುಗಳೂ ಅದನ್ನು ಮುರಿಯಲಿಲ್ಲ. ಲೋಕಕಂಟಕನಿಗೆ ಕೊಟ್ಟದ್ದಾದರೂ ಮಾತು ಮಾತೇ, ಅದರೊಳಗೇ ದಾರಿ ಹುಡುಕಬೇಕು ಎಂಬ ನಿಷ್ಠುರ ನಿಯಮವೊಂದು ಇಡೀ ಕಥೆಯನ್ನು ನಡೆಸುತ್ತದೆ.

ಮುಂದಿನದು ನಕ್ಷೆ. ಗುಹನ ಸೀಮೆ ಪೂರ್ವಕ್ಕೆ ಉಚ್ಚಂಗಿದುರ್ಗ, ದಕ್ಷಿಣಕ್ಕೆ ಗೋವಿನಹಾಳು, ಪಶ್ಚಿಮಕ್ಕೆ ಮುದನೂರು, ಉತ್ತರಕ್ಕೆ ಐರಣಿಯವರೆಗೆ ಹಬ್ಬಿತ್ತೆಂದು ಐತಿಹ್ಯ ಹೇಳುತ್ತದೆ. ಒಂದು ಹಾಳೆಯ ಮೇಲೆ ಈ ಹೆಸರುಗಳನ್ನು ಗುರುತಿಸಿ ಗೆರೆ ಎಳೆಯಿರಿ. ಹರಿಹರ 1997ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು, ಈಗ ದಾವಣಗೆರೆಯದು; ಉಚ್ಚಂಗಿದುರ್ಗ ಇಂದು ವಿಜಯನಗರ ಜಿಲ್ಲೆಯಲ್ಲಿದೆ, ಐರಣಿ ಹಾವೇರಿಯಲ್ಲಿದೆ. ಆಡಳಿತದ ಗೆರೆಗಳು ಎಷ್ಟು ಸಲ ಬದಲಾದರೂ ಅಸುರನ ಸೀಮೆ ಮಾತ್ರ ಇದ್ದಲ್ಲೇ ಇದೆ! ಯಾವ ಊರಿನವರು ಈ ಕಥೆಯನ್ನು ತಮ್ಮದೆಂದುಕೊಂಡಿದ್ದರು ಎಂಬುದನ್ನು ಈ ಹಾಳೆ ಹೇಳುತ್ತದೆ.

ನಕ್ಷೆಯಲ್ಲಿ ನದಿಗಳನ್ನು ಬಿಡಬೇಡಿ. ಕೂಡಲು ಎಂದರೆ ಕೂಡುವ ಜಾಗ. ಊರಿನ ಹಳೆಯ ಹೆಸರೇ ಕಥೆಯ ಕ್ರಿಯಾಪದವನ್ನು ಹೇಳುತ್ತಿದೆ. ಸೂಳೆಕೆರೆಯಿಂದ ಹೊರಟು ಬರುವ ಹರಿದ್ರೆ ಇಲ್ಲಿ ದೊಡ್ಡ ಹೊಳೆಯನ್ನು ಸೇರಿ ತನ್ನ ಹೆಸರನ್ನು ಕಳೆದುಕೊಳ್ಳುತ್ತದೆ. ಆ ದೊಡ್ಡ ಹೊಳೆಯೋ, ಶಿವಮೊಗ್ಗ ಸೀಮೆಯ ಕೂಡಲಿಯಲ್ಲಿ ತುಂಗೆ ಮತ್ತು ಭದ್ರೆ ಸೇರಿ, ಇಬ್ಬರ ಹೆಸರನ್ನೂ ಉಳಿಸಿಕೊಂಡು ಬಂದದ್ದು. ತುಂಗಭದ್ರಾ, ಹರಿಹರ: ಎರಡೂ ಒಂದೇ ಬಗೆಯ ಸಮಾಸ. ಒಂದು ಹೆಸರು ಇನ್ನೊಂದರಲ್ಲಿ ಕರಗದೆ ಜೊತೆಗೆ ನಿಂತಿದೆ. ಆಗ ಮೂರ್ತಿಯ ನಡುಗೆರೆಯನ್ನು ನೆನಪಿಸಿಕೊಳ್ಳಿ. ಈ ಪುರಾಣ ಹೇಳುವ ಕೂಡುವಿಕೆಗೆ ಮಾದರಿ ತುಂಗಭದ್ರೆಯೇ ಹೊರತು ಹರಿದ್ರೆಯಲ್ಲ ಎಂದು ನಾನು ಓದಿಕೊಳ್ಳುತ್ತೇನೆ. ಸಾಮರಸ್ಯವೆಂಬ ಒಂದೇ ಪದ ಬರೆದು ಮುಗಿಸಿದರೆ ಈ ಭೇದ ಕಾಣುವುದೇ ಇಲ್ಲ.

ಕಲ್ಲನ್ನು ಓದುವುದು ಬೇರೆಯೇ ಕೆಲಸ, ಅದನ್ನು ಪುರಾಣದೊಂದಿಗೆ ಬೆರೆಸಬಾರದು. ಈಗಿರುವ ದೇವಾಲಯವನ್ನು ಹೊಯ್ಸಳ ಇಮ್ಮಡಿ ವೀರನರಸಿಂಹನ ದಂಡನಾಯಕನೂ ಮಂತ್ರಿಯೂ ಆಗಿದ್ದ ಪೋಲಾಳ್ವ 1223-24ರಲ್ಲಿ ಕಟ್ಟಿಸಿದ. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ, ಅಂದರೆ ಸೋಮನಾಥಪುರದ ಕೇಶವ ದೇವಾಲಯವನ್ನು ಕಟ್ಟಿಸಿದವನೇ, ಇಲ್ಲಿಯೂ ಕೆಲವು ಭಾಗಗಳನ್ನು ಸೇರಿಸಿದ. ಆದರೆ ಹರಿಹರನ ರೂಪ ಅದಕ್ಕಿಂತ ಬಹಳ ಹಿಂದಿನದು: ಬಾದಾಮಿಯ ಗುಹೆಗಳಲ್ಲಿ ಆರನೆಯ ಶತಮಾನದಲ್ಲೇ ಅದನ್ನು ಕಡೆದಿದ್ದಾರೆ. ಹಾಗಾಗಿ ಗುಹಾಸುರನ ಕಥೆಯನ್ನು ಆ ರೂಪದ ಹುಟ್ಟಿನ ಇತಿಹಾಸವೆಂದು ತಿಳಿಯದೆ, ಆ ದೇವರು ಈ ಹೊಳೆದಂಡೆಯವನೇ ಆದ ಬಗೆಯನ್ನು ಊರಿನ ಜನ ಹೇಳಿಕೊಂಡ ರೀತಿ ಎಂದು ತಿಳಿಯಬೇಕು. ಟಿಪ್ಪಣಿ ಪುಸ್ತಕದ ಒಂದು ಪುಟದಲ್ಲಿ ಇಸವಿಗಳು, ಎದುರು ಪುಟದಲ್ಲಿ ಕಥೆ: ಈ ವ್ಯವಸ್ಥೆ ಸಾಕು.

ಒಬ್ಬರಿಂದ ಕೇಳಿದರೆ ಸಾಲದು, ಇನ್ನೊಬ್ಬರಿಂದಲೂ ಕೇಳಬೇಕು. ಅದರಲ್ಲೂ ಓದು ಬರಹದ ಮೂಲಕ ಕಥೆ ತಿಳಿಯದವರಿಂದ. ದಾವಣಗೆರೆಯಲ್ಲಿ ನಮ್ಮ ಬೀದಿಯ ಅಜ್ಜಿಯೊಬ್ಬರು ಅವರೆಕಾಯಿ ಸುಲಿಯುತ್ತ ಇಡೀ ಪುರಾಣವನ್ನು ನನಗೆ ಹೇಳಿದ್ದು ಇಷ್ಟರಲ್ಲಿ: "ಒಬ್ರ ಕೈಲಿ ಆಗ್ಲಿಲ್ಲ ನೋಡಪ್ಪ, ಅದಕ್ಕೇ ಕೂಡಿದ್ರು." ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ ಹಾಕುತ್ತಿದ್ದ ಕೈ ನಿಲ್ಲಲಿಲ್ಲ. ದೇವರಿಗೂ ಒಬ್ಬನಿಂದ ಆಗದ ಕೆಲಸವಿದೆ ಎಂಬುದನ್ನು ಅವರು ಯಾವ ಸಂಕೋಚವೂ ಇಲ್ಲದೆ ಹೇಳಿದರು. ನನ್ನ ಪುಸ್ತಕದಲ್ಲಿದ್ದ ಅರ್ಧ ಪುಟದ ವ್ಯಾಖ್ಯಾನವನ್ನು ಅಂದೇ ಹೊಡೆದುಹಾಕಿದೆ. ಇಂಥ ಮಾತನ್ನು ಗ್ರಂಥಭಾಷೆಗೆ ತಿರುಗಿಸದೆ, ಹೇಳಿದ ಹಾಗೆಯೇ ಬರೆದುಕೊಳ್ಳಿ.

ಕೊನೆಗೆ ಮೌಲ್ಯಗಳನ್ನು ಬರೆಯುವಾಗ ನಾಮಪದಗಳನ್ನು ಬಿಟ್ಟು ವಾಕ್ಯಗಳಲ್ಲಿ ಬರೆಯಿರಿ. "ಐಕ್ಯತೆ", "ಸತ್ಯ", "ಧರ್ಮ" ಎಂಬ ಪಟ್ಟಿ ಯಾವ ಪುರಾಣಕ್ಕೂ ಹೊಂದುತ್ತದೆ, ಆದ್ದರಿಂದ ಯಾವುದರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. "ತಮ್ಮ ಗುರುತನ್ನು ಬಿಡದೆ ಕೂಡಿದರು" ಎಂದು ಬರೆದರೆ ಅದು ಈ ಕಥೆಗೇ ಸಲ್ಲುತ್ತದೆ. ಪ್ರತಿ ವಾಕ್ಯದ ಎದುರು, ಕಥೆಯ ಯಾವ ಘಟನೆಯಿಂದ ಅದು ಬಂತೆಂದು ಗುರುತು ಹಾಕಿ. ಘಟನೆ ಸಿಗದಿದ್ದರೆ ಆ ಮೌಲ್ಯವನ್ನು ತಂದವರು ನೀವೇ ಎಂದು ತಿಳಿದು ಅಳಿಸಿಬಿಡಿ.

ಗುಹನ ಕೊನೆಯ ಬೇಡಿಕೆಗೂ ಒಂದು ಸಾಲು ಬೇಕು. ಸೋತವನ ಹೆಸರನ್ನು ನೆಲದ ಮೇಲಿಂದ ಒರೆಸಿಹಾಕಲಿಲ್ಲ. ಮಹಿಷನ ಹೆಸರು ಮೈಸೂರಿನಲ್ಲಿ ಉಳಿದಂತೆ ಇವನ ಹೆಸರೂ ಗುಹಾರಣ್ಯವೆಂಬ ಹೆಸರಿನಲ್ಲಿ ಉಳಿಯಿತು. ಕಥೆ ಹೇಳುವವರಲ್ಲಿ ಕೆಲವರು ಸಂಹಾರಕ್ಕೇ ನಿಲ್ಲಿಸಿಬಿಡುತ್ತಾರೆ. ಅಂಥವರಿಗೆ ಮತ್ತೊಮ್ಮೆ "ಆಮೇಲೆ ಏನಾಯಿತು?" ಎಂದು ಕೇಳಿ, ಅವರು ಹೇಳುವವರೆಗೆ ಕಾಯಿರಿ.