ಹಗ್ಗ ತಂದಿದ್ದೆ, ಮರ ಹತ್ತಲಿಲ್ಲ

ಮನೆ ಹಿಂದಿನ ಮರ ಒಣಗಿ ಎರಡು ವರ್ಷ ಆಗಿತ್ತು. ನಾನೇ ಹತ್ತಿ ಕಡಿಯೋಣ ಅಂತ ಹಗ್ಗ ತಂದಿದ್ದೆ. ನೋಡಲು ಗಟ್ಟಿಯಾಗೇ ಇತ್ತು. ಆದರೆ ಬುಡದಲ್ಲಿ ತಟ್ಟೆಯಂಥ ಅಣಬೆ ಅಂಟಿಕೊಂಡಿತ್ತು. ಅಂದರೆ ಒಳಗೆ ಕೊಳೆತಿದೆ. ಸುತ್ತಿಗೆಯಿಂದ ಸುತ್ತಲೂ ಬಡಿದೆ. ಒಂದು ಕಡೆ ಟಕ್ ಟಕ್, ಇನ್ನೊಂದು ಕಡೆ ಡಬ್ ಡಬ್ ಅಂತ ಟೊಳ್ಳು ಸದ್ದು. ಅಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಇಳಿಯಿತು!

ಒಣಕೊಂಬೆ ಹಸಿಕೊಂಬೆಯಂತೆ ಬಾಗುವುದಿಲ್ಲ, ಪಟ್ಟನೆ ಮುರಿಯುತ್ತದೆ. ಹಗ್ಗ ಕಟ್ಟಿದ ಕೊಂಬೆಯೇ ಮುರಿದರೆ ಹಗ್ಗ ಇದ್ದು ಏನು ಪ್ರಯೋಜನ, ಅಲ್ವಾ? ಸದ್ದು ಚೆನ್ನಾಗಿದ್ದರೂ ಬೇರು ಕೊಳೆತಿರಬಹುದು. ಬುಡದ ಮಣ್ಣು ಎದ್ದಿದೆಯಾ, ಬಿರುಕು ಬಿಟ್ಟಿದೆಯಾ ಅಂತಲೂ ನೋಡಬೇಕು.

ಕೊನೆಗೆ ಮರ ಕಡಿಯುವವರನ್ನು ಕರೆಸಿದೆ. ಅವರೂ ಹತ್ತಲಿಲ್ಲ. ಬುಟ್ಟಿ ಇರುವ ಕ್ರೇನಲ್ಲಿ ನಿಂತು ತುದಿಯಿಂದ ತುಂಡು ತುಂಡಾಗಿ ಇಳಿಸಿದರು. ಉಳಿದ ಬುಡದಲ್ಲಿ ನನ್ನ ತಲೆ ಹಿಡಿಸುವಷ್ಟು ಪೊಳ್ಳು.